ಮದುವಿ ಗಾಡಿಗೆ ವಿಂಟೇಜ್ ಪಟ್ಟ

2022ರ ಕೊನೆಯಲ್ಲಿ ನಾನು ಜಮಖಂಡಿಯ ಸಾರಿಗೆ ಕಚೇರಿಯಲ್ಲಿ ಹಿರಿಯ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ನಿವೃತ್ತಿಗೆ ಇನ್ನೊಂದೇ ಕಬ್ಬಿನ ಹಂಗಾಮು ಬಾಕಿ ಇತ್ತು. ವಾಹನ ರಸ್ತೆಗಿಳಿಯಲು ಯೋಗ್ಯವೋ ಅಲ್ಲವೋ ಎಂದು ನೋಡಿ ಸಹಿ ಹಾಕುವುದು ನನ್ನ ಕೆಲಸ. ಇದಕ್ಕೆ ಫಿಟ್‌ನೆಸ್ ಪರೀಕ್ಷೆ ಎನ್ನುತ್ತಾರೆ. ಟ್ರ್ಯಾಕ್ಟರಿನವರು, ಟಂಟಂ ಆಟೋದವರು, ಶಾಲಾ ಬಸ್ಸಿನವರು ಎಲ್ಲರೂ ಬೆನ್ನ ಹಿಂದೆ ನನ್ನನ್ನು ‘ಬ್ರೇಕ್ ಸಾಹೇಬ’ ಎಂದು ಕರೆಯುತ್ತಿದ್ದರು. ಬ್ರೇಕ್ ಹಿಡಿಯದ ಗಾಡಿಗೆ ನಾನು ಸಹಿ ಹಾಕುತ್ತಿರಲಿಲ್ಲ. ಯಾರ ಫೋನ್ ಬಂದರೂ ಹಾಕುತ್ತಿರಲಿಲ್ಲ. ಇದರಿಂದ ಒಳ್ಳೆಯ ಹೆಸರು ಬಂತು, ಚಹಾಕ್ಕೆ ಕರೆಯುವವರು ಮಾತ್ರ ಕಡಿಮೆಯಾದರು.

ಆ ಚಳಿಗಾಲದಲ್ಲಿ ಬೆಳಗಾವಿ ಕಡೆಯ ಹಳೆ ಕಾರು ಪ್ರಿಯರ ಸಂಘವೊಂದು ಜಮಖಂಡಿಯಿಂದ ಮುಧೋಳದವರೆಗೆ ಹಳೆ ಕಾರುಗಳ ಮೆರವಣಿಗೆ ಹೊರಡಿಸಲು ನಿರ್ಧರಿಸಿತು. ಕಾರುಗಳ ಸುರಕ್ಷತೆ ನೋಡಲು ಇಲಾಖೆ ನನ್ನನ್ನು ನೇಮಿಸಿತು. ಸಂಘದ ಕಾರ್ಯದರ್ಶಿ ಕೊರಳಿಗೆ ರೇಷ್ಮೆಯ ಸ್ಕಾರ್ಫ್ ಸುತ್ತಿಕೊಂಡ ಸಜ್ಜನರು. ಒಂದು ಹಿತ್ತಾಳೆಯ ಹಾರ್ನಿಗಾಗಿ ಕೋಲ್ಕತ್ತದವರೆಗೆ ಹೋಗಿ ಬಂದಿದ್ದರಂತೆ. ಮಗಳಿಗೆ ವರ ನೋಡಲು ಧಾರವಾಡವನ್ನೂ ದಾಟಿರಲಿಲ್ಲವಂತೆ. ಇದನ್ನು ಅವರೇ ನಗುತ್ತಾ ಹೇಳಿದರು. ಈ ಹವ್ಯಾಸದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಓಡಲೆಂದು ಮಾಡಿದ ವಸ್ತುವನ್ನು ವರ್ಷವಿಡೀ ಹೊದಿಕೆಯೊಳಗೆ ಮಲಗಿಸಿ, ವರ್ಷಕ್ಕೊಮ್ಮೆ ಎಬ್ಬಿಸಿ ಮೈ ಒರೆಸಿ ಮೆರೆಸುವುದು ನನ್ನ ತಲೆಗೆ ಹತ್ತುತ್ತಿರಲಿಲ್ಲ.

ಕಾನೂನಿನ ಒಂದು ಮಾತನ್ನು ಇಲ್ಲಿ ಹೇಳಬೇಕು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಖಾಸಗಿ ವಾಹನಕ್ಕೆ ಸರ್ಕಾರ ‘ವಿಂಟೇಜ್’ ಎಂಬ ಮಾನ್ಯತೆ ಕೊಡುತ್ತದೆ. ಕೆಳಗಿನ ನಿರೀಕ್ಷಕರ ವರದಿ ಮೇಲಿನ ಸಮಿತಿಗೆ ಹೋಗುತ್ತದೆ, ಸಮಿತಿ ಒಪ್ಪಬೇಕು. ಮಾನ್ಯತೆ ಸಿಕ್ಕರೆ ಅದು ದೊಡ್ಡ ಗೌರವ. ಆದರೆ ಆಮೇಲೆ ಆ ಗಾಡಿಯನ್ನು ಪ್ರದರ್ಶನಕ್ಕೆ, ಇಂಥ ಮೆರವಣಿಗೆಗೆ, ಹೆಚ್ಚೆಂದರೆ ರಿಪೇರಿಗೆ, ಪೆಟ್ರೋಲಿಗೆ ಹೊರಗೆ ತೆಗೆಯಬಹುದು. ಬೇರೆ ಕೆಲಸಕ್ಕೆ ತೆಗೆಯುವಂತಿಲ್ಲ.

ಬನಹಟ್ಟಿಯಿಂದ ಒಂದೇ ಅರ್ಜಿ ಬಂದಿತ್ತು. ಅರ್ಜಿದಾರರು ಚನಮಲ್ಲಪ್ಪ, ಅರವತ್ತೈದು ದಾಟಿದ ಸೀರೆ ವ್ಯಾಪಾರಿ. ಮೆರವಣಿಗೆಯಲ್ಲಿ ಭಾಗವಹಿಸಬೇಕು, ವಿಂಟೇಜ್ ಮಾನ್ಯತೆಯೂ ಬೇಕು ಎಂದು ಎರಡನ್ನೂ ಒಟ್ಟಿಗೆ ಕೇಳಿದ್ದರು. ಕಾರು ವಿಲಾಯತಿಯದು, ಅವರ ತಂದೆ ಕೊಲ್ಹಾಪುರದ ಒಬ್ಬ ವ್ಯಾಪಾರಿಯಿಂದ ಕೊಂಡದ್ದು. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಹವ್ಯಾಸಿಗಳು ಫೋನ್ ಮಾಡಿ, ಯಾವ ಮಾಡೆಲ್, ಎಷ್ಟು ಸಿಲಿಂಡರ್ ಎಂದು ನನ್ನ ತಲೆ ತಿನ್ನುತ್ತಾರೆ. ಓಣಿಯಲ್ಲಿ ಅದಕ್ಕಿದ್ದ ಹೆಸರು ‘ಮದುವಿ ಗಾಡಿ’.

ಪರೀಕ್ಷೆಗೆ ನಾನೇ ಅವರ ಮನೆಗೆ ಹೋದೆ. ಎರಡೂ ಕಡೆ ಪಾವರ್‌ಲೂಮ್‌ಗಳ ಖಟಪಟ, ನಡುವೆ ತಗಡಿನ ಛಾವಣಿಯ ಕೆಳಗೆ ಕೆನೆಬಣ್ಣದ ಕಾರು. ಸೀಟಿಗೆ ಸೀರೆ ಬಟ್ಟೆಯ ಹೊದಿಕೆ. ಬಾಗಿಲ ಸಂದಿಗೆ ಟಾರ್ಚ್ ಹಿಡಿದರೆ ಅರಿಶಿನದ ಅಕ್ಷತೆ, ಸೀಟಿನ ಕೆಳಗೆ ಅಕ್ಷತೆ, ಸಿಗರೇಟಿನ ಬೂದಿ ಹಾಕುವ ಡಬ್ಬಿಯಲ್ಲೂ ಅಕ್ಷತೆ. ಆ ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಮದುಮಕ್ಕಳು ಈ ಕಾರಿನಲ್ಲೇ ಹೋಗಬೇಕು; ಬಾಡಿಗೆ ಇಲ್ಲ, ಚಾಲಕ ಚನಮಲ್ಲಪ್ಪನವರೇ. ಓಣಿಯ ಹೆಣ್ಣುಮಕ್ಕಳನ್ನು ಜಮಖಂಡಿ, ಬೀಳಗಿ, ಮುಧೋಳ ಎಂದು ಗಂಡನ ಮನೆಗಳಿಗೆ ಮುಟ್ಟಿಸಿ ಬಂದ ಗಾಡಿ ಅದು.

ಸ್ಟಾರ್ಟ್ ಮಾಡಿ ತೋರಿಸಿ ಎಂದೆ. ಅವರು ಕಾರಿನಲ್ಲಿ ಕುಳಿತು ಒಮ್ಮೆ ಕೆಮ್ಮಿದರು. ಅಷ್ಟಕ್ಕೇ ಎರಡೂ ಕಡೆಯ ಮಗ್ಗಗಳು ನಿಂತವು, ಹತ್ತಾರು ಜನ ಬಂದು ಹಿಂದೆ ಕೈಹಚ್ಚಿ ದೂಡಿದರು, ಗಾಡಿ ಭರ್ರೆಂದು ಎದ್ದಿತು. ಎಲ್ಲರೂ ಮರಳಿ ಹೋದರು, ಮಗ್ಗಗಳು ಮತ್ತೆ ಶುರುವಾದವು. ಕೀಲಿ ತಿರುಗಿಸಿದರೆ ಬ್ಯಾಟರಿಯ ಬಲದಿಂದ ಎಂಜಿನ್ ಎಬ್ಬಿಸುವ ಮೋಟಾರಿಗೆ ‘ಸೆಲ್ಫ್’ ಎನ್ನುತ್ತಾರೆ. ಅದು ಕೆಟ್ಟದ್ದು ಯಾವಾಗ ಎಂಬುದು ಓಣಿಯ ಹಿರಿಯರಿಗೂ ನೆನಪಿರಲಿಲ್ಲ.

ಮೆರವಣಿಗೆಯ ನಿಯಮ ತಿಳಿಸಿದೆ: ನಿಶಾನೆ ಬೀಸಿದಾಗ ಕಾರು ತಾನಾಗಿ ಚಾಲೂ ಆಗಬೇಕು, ದೂಡಿದರೆ ಅನರ್ಹ. ಅಲ್ಲಿ ಅನರ್ಹವಾದ ಗಾಡಿಗೆ ವಿಂಟೇಜ್ ಶಿಫಾರಸನ್ನೂ ನಾನು ಬರೆಯುವುದಿಲ್ಲ. ಜೊತೆಗೆ, ಮಾನ್ಯತೆ ಸಿಕ್ಕರೆ ಇನ್ನು ಮದುವೆಗಳಿಗೆ ಒಯ್ಯುವಂತಿಲ್ಲ ಎಂಬುದನ್ನೂ ಹೇಳಿದೆ. ಚನಮಲ್ಲಪ್ಪನವರು ಸುತ್ತ ನೋಡಿ ದನಿ ತಗ್ಗಿಸಿದರು.

“ಮೆಲ್ಲಕ ಹೇಳ್ರಿ ಸಾಹೇಬ್ರ. ನಮ್ಮಾಕಿ ಕೇಳ್ಯಾಳು.”

ಅವರಾಕಿ ಗಂಗವ್ವ ಚಹಾದ ಕಪ್ಪುಗಳನ್ನು ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಕಪ್ಪು ಕೊಟ್ಟು ಒಳಗೆ ಹೋದರು. ಚಹಾಕ್ಕೆ ಸಕ್ಕರೆ ಬಿದ್ದಿರಲಿಲ್ಲ.

ಚನಮಲ್ಲಪ್ಪನವರು ಹಟ ಹಿಡಿದು ಸೆಲ್ಫ್ ರಿಪೇರಿ ಮಾಡಿಸಿದರು. ಒಂದು ದಿನ ನನಗೆ ಫೋನ್ ಮಾಡಿ, ಏನೂ ಹೇಳದೆ ಎಂಜಿನ್ ಎಬ್ಬಿಸಿ, ಬಂದ್ ಮಾಡಿ, ಮತ್ತೆ ಎಬ್ಬಿಸಿ ಕೇಳಿಸಿದರು. ನಾನು ಆಗ ಊಟಕ್ಕೆ ಕುಳಿತಿದ್ದೆ. ಫೋನಿನಲ್ಲಿ ಕಾರು ಕೇಳುವ ಹುದ್ದೆಗೂ ಬಂದಿರೇ ಎಂದು ನನ್ನ ಹೆಂಡತಿ ಕೇಳಿದಳು.

ಮೆರವಣಿಗೆಯ ದಿನ ಜಮಖಂಡಿಯ ಮೈದಾನದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಕೆಂಪು, ನೀಲಿ, ಹಸಿರು, ಎಲ್ಲವೂ ಮುಖ ನೋಡಿಕೊಳ್ಳುವಷ್ಟು ಫಳಫಳ. ಮಾಲೀಕರು ಟೋಪಿ, ಕರಿ ಕನ್ನಡಕ ಹಾಕಿಕೊಂಡು, ಮುಟ್ಟಲು ಬಂದವರಿಂದ ಕಾರುಗಳನ್ನು ಕಾಯುತ್ತಿದ್ದರು. ಕೊನೆಯಲ್ಲಿ ಮದುವಿ ಗಾಡಿ. ಚನಮಲ್ಲಪ್ಪನವರು ಹೊಸ ಕೋಟು ತೊಟ್ಟಿದ್ದರು. ಅವರನ್ನು ಹುರಿದುಂಬಿಸಲೆಂದು ಇಡೀ ಓಣಿ ಟೆಂಪೋ ಮಾಡಿಕೊಂಡು ಬಂದಿತ್ತು, ಗಂಗವ್ವನೂ ಬಂದಿದ್ದರು. ಒಂದೊಂದೇ ಕಾರು ನಿಶಾನೆಗೆ ತಾನಾಗಿ ಎದ್ದು ಹೊರಟಿತು. ಕೊನೆಯ ಸರದಿ ಬಂತು. ಚನಮಲ್ಲಪ್ಪನವರು ಸೀಟಿನಲ್ಲಿ ಕುಳಿತು ಕೀಲಿಗೆ ಕೈ ಹಾಕಿದರು. ನಾನು ನಿಶಾನೆ ಎತ್ತಿದ್ದೆ, ಇನ್ನೂ ಬೀಸಿರಲಿಲ್ಲ. ಅಷ್ಟರಲ್ಲಿ ಓಣಿಯೆಲ್ಲ ಕಾರಿನ ಹಿಂದೆ ಬಿತ್ತು. ಗಾಡಿ ಉರುಳಿದ ಕೂಡಲೇ ಅವರ ಕಾಲು ರೂಢಿಯಂತೆ ಕ್ಲಚ್ ಬಿಟ್ಟಿತು. ಕಾರು ಜಿಗಿದು ಹೊರಟು, ನನ್ನನ್ನು ದಾಟಿ, ಸ್ವಾಗತ ಕಮಾನಿಗೆ ಒಂದು ಗೇಣು ಬಿಟ್ಟು ನಿಂತಿತು. ಬ್ರೇಕ್ ಚೆನ್ನಾಗಿತ್ತು ಎಂಬುದನ್ನು ಆ ಗಡಿಬಿಡಿಯಲ್ಲೂ ನಾನು ಗಮನಿಸಿದೆ.

ದೂಡಿದ್ದಾಯಿತು, ನಿಯಮದ ಪ್ರಕಾರ ಅನರ್ಹ, ತೀರ್ಮಾನ ನಿಮ್ಮದು ಎಂದು ಕಾರ್ಯದರ್ಶಿಗಳು ಬೇಸರದಿಂದಲೇ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ದೂಡಿದವರನ್ನೆಲ್ಲ ನಿಲ್ಲಿಸಿ ಕೇಳಿದೆ. ರೂಢಿರೀ, ಕೈ ತಡೀಲಿಲ್ಲರೀ ಎಂದು ಎಲ್ಲರದೂ ಒಂದೇ ರಾಗ. ಲಾರಿ ಚಾಲಕರ ಸುಳ್ಳು ಕೇಳಿ ಕೇಳಿ ಕಿವಿ ಪಳಗಿದ ನನಗೆ ಅದು ಅಷ್ಟು ಸಾಚಾ ಆಗಿ ಕೇಳಿಸಲಿಲ್ಲ. ಎಲ್ಲರ ಮುಂದೆ, ಕಾರಿನ ನಟ್ಟನಡುವೆ ಕೈಹಚ್ಚಿದ್ದವರು ಗಂಗವ್ವ. ಅವರನ್ನೇ ಕೇಳಿದೆ. ಅವರು ಸುತ್ತಿಬಳಸಲಿಲ್ಲ.

“ನಾನ ದೂಡಸೇನ್ರಿ. ಆ ಪಟ್ಟ ಬಂದ್ರ ಗಾಡಿ ದೇವರ ಜಗಲಿ ಮ್ಯಾಲ ಇಟ್ಟಂಗ ಆಗ್ತೈತಿ. ಬರೂ ಮಾಘದಾಗ, ಭಾರತ ಹುಣ್ಣಿಮಿ ಮುಂದ ನಮ್ಮ ಓಣಿ ಸಾವಿತ್ರಿ ಮದುವಿ ಐತಿ. ಆಕಿ ಅವ್ವ ಇದ ಗಾಡ್ಯಾಗ ನಮ್ಮ ಓಣಿಗಿ ಸೊಸಿ ಆಗಿ ಬಂದಾಕಿ. ಮಗಳನ್ನ ಯಾವದಾಗ ಕಳಸ್ಲಿ ಅಂತ ಕೇಳಿದ್ರ ಏನ ಹೇಳ್ಲಿ?”

ಚನಮಲ್ಲಪ್ಪನವರು ಕಾರಿನಿಂದ ಇಳಿದು ಬಂದಿದ್ದರು. ಅವರು ಹೆಂಡತಿಗೆ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅವರ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

“ನಲವತ್ತ ವರ್ಷ ಮಂದಿ ಮದುವಿಗಿ ಡ್ರೈವರ್ ಆದ್ನಿ ಸಾಹೇಬ್ರ. ಎಲ್ಲಾರೂ ಹಿಂದಿನ ಸೀಟ ನೋಡತಾರ, ಮುಂದ ಕುಂತಾವ್ನ ಯಾರ ನೋಡತಾರ? ಒಂದಿನಾ ನನ್ನೂ ನಾಕ ಮಂದಿ ನೋಡ್ಲಿ ಅಂದೇನಿ. ತಪ್ಪಾತೇನ್ರಿ?”

ನಾನು ನಿಯಮದ ಮನುಷ್ಯ, ನಿಯಮದಲ್ಲೇ ದಾರಿ ಹುಡುಕಿದೆ. ನಿಶಾನೆ ಬೀಸಿದ ಮೇಲೆ ಪರೀಕ್ಷೆ ಶುರು. ನಾನು ಬೀಸಿಯೇ ಇಲ್ಲ. ಆದ್ದರಿಂದ ಪರೀಕ್ಷೆ ಇನ್ನೂ ನಡೆದೇ ಇಲ್ಲ ಎಂದೆ. ಕಾರ್ಯದರ್ಶಿಗಳು ಖುಷಿಯಿಂದ ಒಪ್ಪಿದರು. ಓಣಿಯವರನ್ನು ಹಗ್ಗದ ಆಚೆ ನಿಲ್ಲಿಸಿ, ಕೈ ಕಟ್ಟಿಕೊಂಡಿರಲು ಹೇಳಿ ನಿಶಾನೆ ಬೀಸಿದೆ. ಚನಮಲ್ಲಪ್ಪನವರು ಕೀಲಿ ತಿರುಗಿಸಿದರು. ಗಾಡಿ ತಾನಾಗಿ ಎದ್ದಿತು. ದೂಡಿದವರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು, ಗಂಗವ್ವನ ಕಣ್ಣಲ್ಲಿ ನೀರು ಬಂತು. ಮುಧೋಳ ಮುಟ್ಟಿದ ಮೇಲೆ ಶಿಫಾರಸು ಬರೆಯುವುದಷ್ಟೇ ಉಳಿದಿತ್ತು.

ಕೊನೆಯ ಕಾರಿನಲ್ಲಿ ಕುಳಿತು ಎಲ್ಲ ಗಾಡಿಗಳ ಮೇಲೆ ಕಣ್ಣಿಡುವುದು ನನ್ನ ಪಾಲಿಗೆ ಬಂದಿತ್ತು. ಹೀಗಾಗಿ ಮದುವಿ ಗಾಡಿಯ ಮುಂದಿನ ಸೀಟಿನಲ್ಲಿ ನಾನು, ಹಿಂದೆ ಗಂಗವ್ವ. ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಏನು ಹೇಳುವುದಿದ್ದರೂ ನನ್ನ ಮೂಲಕ. ಸಾವಕಾಶ ಹೊಡೀರಿ ಅಂತ ಅವರಿಗಿ ಹೇಳ್ರಿ ಎಂದು ಗಂಗವ್ವ. ನನಗ ಹೊಡೀಲಿಕ್ಕ ಬರತೈತಿ ಅಂತ ಹೇಳ್ರಿ ಎಂದು ಇವರು. ಒಂದಷ್ಟು ದೂರ ನಾನು ಎರಡನ್ನೂ ಮುಟ್ಟಿಸಿದೆ, ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದೆ.

ಹಂಗಾಮು ಜೋರಾಗಿದ್ದ ಕಾಲ. ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡು, ಟೇಪಿನಲ್ಲಿ ಜೋರಾಗಿ ಹಾಡು ಹಚ್ಚಿ ರಸ್ತೆ ತುಂಬಾ ನಿಂತಿದ್ದವು. ನಮ್ಮ ಮೆರವಣಿಗೆ ಅವುಗಳ ನಡುವೆ ಸಿಕ್ಕಿಕೊಂಡಿತು. ಕಾರ್ಯದರ್ಶಿಗಳ ತೆರೆದ ಕಾರಿನೊಳಕ್ಕೆ ಕಬ್ಬಿನ ಸೋಗೆ ಉದುರುತ್ತಿತ್ತು. ಒಬ್ಬ ಟ್ರ್ಯಾಕ್ಟರ್ ಚಾಲಕ ಮೇಲಿನಿಂದ ಬಗ್ಗಿ, ಎಲ್ಲವನ್ನೂ ಗುಜರಿಗೆ ಒಯ್ಯುತ್ತಿದ್ದೀರಾ ಎಂದು ಅವರನ್ನು ಮರ್ಯಾದೆಯಿಂದಲೇ ವಿಚಾರಿಸಿದ. ಪಾಪ, ಅವರು ಕಾರಿನ ಇತಿಹಾಸ ಶುರು ಮಾಡಿದರು. ನೋಡಲು ನಿಂತ ಜನರಿಗೂ ಆ ಕಾರುಗಳ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ: ಲೀಟರಿಗೆ ಎಷ್ಟು ಕೊಡುತ್ತದೆ? ಉತ್ತರ ಕೇಳಿ, ಛೇ ಎಂದು ಮುಂದಿನ ಕಾರಿಗೆ ಹೋಗುತ್ತಿದ್ದರು.

ನಮ್ಮ ಕಾರಿನ ಹತ್ತಿರ ಬಂದಾಗ ಯಾರೂ ಅದನ್ನು ಕೇಳಲಿಲ್ಲ. ಕಬ್ಬಿನ ಗಾಡಿಯಿಂದ ಒಬ್ಬ ಜಿಗಿದಿಳಿದು ಓಡಿಬಂದ.

“ಚನಮಲ್ಲಣ್ಣಾರ, ಗುರ್ತ ಹತ್ತಲಿಲ್ಲೇನ್ರಿ? ನನ್ನ ಮದುವ್ಯಾಗ ಮಳಿ ಬಂದಾಗ ನಿಮ್ಮ ಕೋಟ ತಗದ ನನಗ ಹೊಚ್ಚಿದ್ರಿ.”

ಅವನ ಹಿಂದೆ ಇನ್ನೊಬ್ಬ ಬಂದ, ಆಮೇಲೆ ಗುಂಪೇ ಬಂತು. ಬೀಳಗಿ ತಾಲ್ಲೂಕಿನ ಅನಗವಾಡಿಗೆ ಕೊಟ್ಟ ಹೆಣ್ಣುಮಗಳೊಬ್ಬಳು ಬಸ್ಸಿಗೆ ಕಾಯುತ್ತಿದ್ದವಳು ರಸ್ತೆ ದಾಟಿ ಬಂದು, ಗಂಡನ ಮನೆಗೆ ಹೋಗುವಾಗ ತಾನು ದಾರಿಯುದ್ದಕ್ಕೂ ಅತ್ತದ್ದನ್ನು ನೆನೆಸಿಕೊಂಡಳು. ಆಗ ಚನಮಲ್ಲಪ್ಪನವರು ಹೊಳೆಯ ಹತ್ತಿರ ಗಾಡಿ ನಿಲ್ಲಿಸಿ, ಅಳು ಮುಗಿಯುವ ತನಕ ಹೊರಡುವುದಿಲ್ಲ, ಅವಸರ ಇದ್ದವರು ನಡೆದು ಹೋಗಲಿ ಎಂದು ಬೀಗರಿಗೇ ಹೇಳಿದ್ದರಂತೆ. ಅವಳು ಮಗಳನ್ನು ಮುಂದೆ ತಂದು, ಅಜ್ಜಗ ಶರಣ ಮಾಡು ಎಂದಳು. ಹಿಂದಿನ ಸೀಟಿನ ಕಡೆ ಯಾರೂ ನೋಡಲಿಲ್ಲ. ಚನಮಲ್ಲಪ್ಪನವರು ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ನಾನೂ ಕಣ್ಣೊರೆಸಿಕೊಂಡೆ.

ಮುಧೋಳದಲ್ಲಿ ಕಾರು ನಿಂತಾಗ ಅವರು ನನ್ನ ಕಡೆ ತಿರುಗಿದರು. ಆದರೆ ಮಾತನಾಡಿದ್ದು ನನ್ನ ಜೊತೆಯಲ್ಲ.

“ಏ ಗಂಗಾ, ಸಾವಿತ್ರಿ ಅವ್ವಗ ಹೇಳಿ ಬಿಡು. ಗಾಡಿ ಬರತೈತಿ.”

ಆಮೇಲೆ ನನಗೆ, ವಿಂಟೇಜ್ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ, ಸಾದಾ ಗಾಡಿಯಂತೆಯೇ ನವೀಕರಣ ಮಾಡಿಕೊಡಿ ಎಂದರು. ಹಾಗಾದರೆ ಎಲ್ಲರಂತೆ ಸಾಲಿನಲ್ಲಿ ನಿಂತು ಫಿಟ್‌ನೆಸ್ ಮಾಡಿಸಬೇಕು ಎಂದೆ. ಮುಂದಿನ ವಾರ ಬಂದು ಟಂಟಂಗಳ ಹಿಂದೆ ನಿಂತರು. ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ. ವಾಪಸ್ ಕಳಿಸಿದೆ. ಮೊನ್ನೆ ಮೆರವಣಿಗೆಯಲ್ಲಿ ಕಣ್ಣೊರೆಸಿಕೊಂಡ ಮನುಷ್ಯ ಇವನೇನಾ ಎಂಬಂತೆ ಗಂಗವ್ವ ನನ್ನನ್ನು ನೋಡಿದರು. ಮದುಮಗಳನ್ನು ಕೂರಿಸಿಕೊಂಡ ಗಾಡಿ ಇಳಿಜಾರಿನಲ್ಲಿ ತಾನಾಗಿ ಉರುಳುವುದು ನನಗೆ ಬೇಕಾಗಿರಲಿಲ್ಲ. ರಿಪೇರಿ ಮಾಡಿಸಿ ತಂದ ಮೇಲೆ ಸಹಿ ಹಾಕಿದೆ.

ವಾಹನದ ವಯಸ್ಸನ್ನು ಚಾಸಿ ನಂಬರಿನಿಂದ ಹೇಳಬಹುದು, ಎಂಜಿನ್ನಿನ ಆರೋಗ್ಯವನ್ನು ಹೊಗೆಯಿಂದ ಹೇಳಬಹುದು. ಅದು ಹಳೆಯದಾಯಿತೋ ಇಲ್ಲವೋ ಎಂಬುದನ್ನು ಮಾತ್ರ ಅದರಲ್ಲಿ ಕುಳಿತವರನ್ನೇ ಕೇಳಬೇಕು. ನನ್ನ ಉದ್ಯೋಗ ಇದನ್ನು ಕಲಿಸಿದ್ದು ನಿವೃತ್ತಿಯ ಹೊಸ್ತಿಲಲ್ಲಿ. ಅರ್ಜಿ ಹಿಂಪಡೆದ ಕಾರಣ ತಿಳಿಸಿ ಎಂದು ಮೇಲಿನ ಕಚೇರಿ ಕೇಳಿದಾಗ, ‘ವಾಹನಕ್ಕೆ ಇನ್ನೂ ಕೆಲಸವಿದೆ’ ಎಂದು ಬರೆದು ಕಳಿಸಿದೆ. ಮರುದಿನವೇ ಹಿರಿಯ ಅಧಿಕಾರಿಗಳ ಫೋನ್ ಬಂತು. ಇಂಥ ಕಾರಣ ಯಾವ ನಿಯಮದಲ್ಲೂ ಇಲ್ಲ, ಅರವತ್ತು ವರ್ಷದ ಕಾರಿಗೆ ಅದೆಂಥ ಕೆಲಸರೀ ಎಂದು ಗದರಿದರು.

“ಸರ್,” ಎಂದೆ, “ಭಾರತ ಹುಣ್ಣಿಮಿ ಮುಂದ ಬನಹಟ್ಟಿಯೊಳಗ ಸಾವಿತ್ರಿ ಅನ್ನೂ ಹುಡುಗಿದು ಮದುವಿ ಐತಿ.”