ಹದಿನಾರು ಅಂಕಿ ಹಿಡಿದು ಧಾರವಾಡದಿಂದ ಬಂದ ಕಾಕಾ

ಹೋದ ವರ್ಷ ದೀಪಾವಳಿ ಮುಗಿದ ವಾರ. ನಮ್ಮ ಯಜಮಾನರನ್ನು ಧಾರವಾಡದ ಆಚೆಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಎರಡನೇ ಪಾಳಿಯಿಂದ ಬೆಳಗಿನ ಪಾಳಿಗೆ ಹಾಕಿದರು. ಬೇರೆ ಮನೆಯಲ್ಲಾಗಿದ್ದರೆ ಅದೊಂದು ಸುದ್ದಿಯೇ ಅಲ್ಲ. ನನಗೆ ಮಾತ್ರ ಅದು ದೊಡ್ಡ ಸುದ್ದಿ.

ನನಗೆ ಕಣ್ಣು ಕಾಣುವುದಿಲ್ಲ. ಮೂವತ್ತು ದಾಟಿದ ಮೇಲೆ ದೃಷ್ಟಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಹುಬ್ಬಳ್ಳಿಯ ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸ ನನ್ನದು. ಊರಂಚಿನ ಗಬ್ಬೂರಿನ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಯಜಮಾನರೇ ಬೈಕಿನಲ್ಲಿ ಬಿಡುತ್ತಿದ್ದರು. ಇನ್ನು ಒಬ್ಬಳೇ ಬಸ್ಸಿಗೆ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ಕಣ್ಣು ಹೋದಾಗಿನಿಂದ ನಾನು ಒಬ್ಬಳೇ ಗೇಟು ದಾಟಿದವಳಲ್ಲ.

ಆಗ ಯಜಮಾನರು ಹಳೇ ಸಾಮಾನಿನ ಅಂಗಡಿಯೊಂದರಿಂದ ಒಂದು ಯಂತ್ರ ತಂದುಕೊಟ್ಟರು. ಅಂಗೈಯಗಲದ್ದು, ಪರದೆ ಇಲ್ಲ, ಐದೇ ಗುಂಡಿ. ಕಣ್ಣಿಲ್ಲದವರಿಗೆಂದೇ ಮಾಡಿದ್ದು. ನಾವು ಎಲ್ಲಿದ್ದೇವೆ, ಎತ್ತ ತಿರುಗಬೇಕು ಎಂದು ಬಾಯಿಬಿಟ್ಟು ಹೇಳುತ್ತದೆ. ಟಚ್ ಫೋನು ಮನೆಯೊಳಗೆ ಸರಿ; ರಸ್ತೆಯಲ್ಲಿ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದರಲ್ಲಿ ಆ ನುಣ್ಣನೆಯ ಗಾಜಿನ ಮೇಲೆ ಬೆರಳಾಡಿಸುವುದು ನನ್ನಿಂದ ಆಗುತ್ತಿರಲಿಲ್ಲ. ಇದರ ಗುಂಡಿ ಮುಟ್ಟಿದ ಕೂಡಲೇ ಧೈರ್ಯ ಬಂತು.

ಆದರೆ ಯಂತ್ರ ಮಾತೇ ಆಡಲಿಲ್ಲ. ಬರೀ ಬೀಪ್ ಎನ್ನುತ್ತಿತ್ತು. ಅಂಗಡಿಯವರು ಬ್ಯಾಟರಿ ಬದಲಿಸುವಾಗ ಎಲ್ಲ ಅಳಿಸಿಹೋಗಿತ್ತಂತೆ. ಕಂಪನಿಗೆ ಫೋನ್ ಮಾಡಿದರೆ, ಒಳಗಿನ ಸಾಫ್ಟ್‌ವೇರಿನ ಲೈಸೆನ್ಸ್ ಮೊದಲ ಮಾಲೀಕರ ಹೆಸರಿನಲ್ಲಿದೆ, ಅವರು ಒಪ್ಪಿದರೆ ಮಾತ್ರ ಅದನ್ನು ಚಾಲೂ ಮಾಡುವ ಹೊಸ ನಂಬರ್ ಕೊಡುತ್ತೇವೆ, ಅದನ್ನು ಮೂರು ಸಲ ತಪ್ಪಾಗಿ ಒತ್ತಿದರೆ ಯಂತ್ರ ಕಾಯಂ ಬಂದ್ ಎಂದರು.

ಅಂಗಡಿಯವರೇ ವಿಚಾರಿಸಿ ಮೊದಲ ಮಾಲೀಕರ ಫೋನ್ ನಂಬರ್ ಹುಡುಕಿ ಕೊಟ್ಟರು. ಧಾರವಾಡದ ರುದ್ರಪ್ಪ ಕಾಕಾ. ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು, ಹುಟ್ಟುಕುರುಡರು. ಫೋನ್ ಎತ್ತಿದ ಅವರ ಸೊಸೆ, "ಮಾವಾರಿಗೆ ಈಗ ಕಿವೀನೂ ಮಂದ ಆಗ್ಯಾವ್ರಿ, ಅದಕ್ಕ ಆ ಮಷೀನ್ ಕೊಟ್ಟಬಿಟ್ರು. ಫೋನಿನ್ಯಾಗ ಅವರಿಗೆ ಕೇಳಂಗಿಲ್ಲ, ನಾನ ಹೇಳ್ತೀನಿ" ಎಂದರು. ನಾಲ್ಕು ದಿನ ಬಿಟ್ಟು ಮತ್ತೆ ಅವರದೇ ಫೋನ್. "ಕಂಪನಿಯವರು ನಂಬರ್ ಕಳಿಸ್ಯಾರ್ರಿ. ಆದ್ರ ಗುಂಡಿ ಹೆಂಗ ಒತ್ತಬೇಕು ಅನ್ನೋದು ಬಾಯಿಲೆ ಹೇಳಾಕ ಬರಂಗಿಲ್ಲಂತ. ಮಾವಾರು ನಿಮ್ಮನಿಗೇ ಹೊಂಟಾರ."

ಯಾರ ಜೊತೆ ಎಂದು ಕೇಳಿದೆ. "ಒಬ್ಬರ ಬರ್ತಾರ್ರಿ. ನಾವು ಹೇಳಿದ್ದ ಎಲ್ಲಿ ಕೇಳ್ತಾರ?"

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಗೇಟಿಗೆ ಕೋಲು ಬಡಿದ ಸದ್ದಾಯಿತು. ಯಜಮಾನರು ಓಡಿಹೋಗಿ ಕೈಹಿಡಿದು ಕರೆತಂದರು. ಧಾರವಾಡದಿಂದ ಒಂದು ಬಸ್ಸು, ಹುಬ್ಬಳ್ಳಿಯಲ್ಲಿ ಇನ್ನೊಂದು. ಕಣ್ಣಿಲ್ಲ, ಕಿವಿ ಅರ್ಧ. ಕುಳಿತವರೇ ನೀರು ಕುಡಿದು, "ಎಲ್ಲೈತಿ ನಮ್ಮ ಮಷೀನ್? ಕೊಡ್ರಿ ಇಲ್ಲೆ" ಎಂದರು.

ನಂಬರನ್ನು ಅವರು ದಪ್ಪನೆಯ ಮದುವೆ ಕಾರ್ಡಿನ ಹಿಂದೆ ಬ್ರೈಲ್ ಲಿಪಿಯಲ್ಲಿ ಚುಚ್ಚಿಕೊಂಡು ಬಂದಿದ್ದರು. ಹದಿನಾರು ಅಂಕಿ. ಏಳು ಬೇಕಾದರೆ ಒಂದೇ ಗುಂಡಿ ಏಳು ಸಲ ಒತ್ತಬೇಕು, ಒತ್ತಿದಾಗೊಮ್ಮೆ ಬೀಪ್ ಅನ್ನುತ್ತದೆ. ಎಡಗೈ ಕಾರ್ಡಿನ ಮೇಲೆ, ಬಲಗೈ ಗುಂಡಿಯ ಮೇಲೆ. ಕೊನೆಗೆ ಯಂತ್ರ ದಪ್ಪ ದನಿಯಲ್ಲಿ ಗುರ್ ಎಂದಿತು. ತಪ್ಪಾಗಿತ್ತು.

ಎರಡನೇ ಸಲವೂ ಗುರ್ ಎಂದಿತು.

ಉಳಿದದ್ದು ಇನ್ನೊಂದೇ ಸಲ. ಕಾಕಾ ಯಂತ್ರ ಕೆಳಗಿಟ್ಟ ಸದ್ದಾಯಿತು. "ತಂಗಿ, ನನಗ ಬೀಪು ಸರಿ ಕೇಳವಲ್ದು. ಎಲ್ಲೋ ಒಂದು ತಪ್ಪಾಕತ್ತೈತಿ. ಬೆರಳು ಒತ್ತಿತೋ ಇಲ್ಲೋ, ತಿಳಿಯವಲ್ದು" ಎಂದರು.

ನನಗೆ ಎಲ್ಲ ಬೀಪೂ ಸ್ಪಷ್ಟವಾಗಿ ಕೇಳಿದ್ದವು. ಎದ್ದು ಅವರ ಬಲಗಿವಿಯ ಹತ್ತಿರ ಕೂತೆ. "ಕಾಕಾರ, ನೀವು ಅಂಕಿ ಹೇಳಿ ಒತ್ತರಿ, ನಾ ಎಣಸ್ತೀನಿ" ಎಂದು ಕೂಗಿ ಹೇಳಿದೆ. ಅವರು ಒತ್ತಿದರು, ನಾನು ಜೋರಾಗಿ ಎಣಿಸಿದೆ. ಹನ್ನೊಂದನೇ ಅಂಕಿ ಒಂಬತ್ತು. ಎಂಟೇ ಬೀಪ್ ಬಂದಿತ್ತು. "ಇನ್ನೊಂದ್ರಿ ಕಾಕಾರ!" ಎಂದು ಚೀರಿದೆ. ಅವರು ಇನ್ನೊಮ್ಮೆ ಒತ್ತಿದರು.

ಹದಿನಾರೂ ಮುಗಿದವು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಸ್ವಾಗತ ಹೇಳಿ, ನಮ್ಮೂರ ಹೆಸರನ್ನು "ಗ್ಯಾಬರ್" ಎಂದಿತು. ಯಜಮಾನರು ಚಪ್ಪಾಳೆ ತಟ್ಟಿದರು. ನಾನು ಅಳುತ್ತಾ ನಗುತ್ತಿದ್ದೆ. ಕಾಕಾ ಮಾತ್ರ, "ಏನಂತು? ಏನಂತು?" ಎಂದು ಕೇಳುತ್ತಲೇ ಇದ್ದರು.

ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಹೊರಟು ನಿಂತಾಗ ಯಜಮಾನರು ಬೈಕ್ ತೆಗೆಯಲು ಎದ್ದರು. ಕಾಕಾ ತಡೆದರು. "ನೀವು ಕುಂಡ್ರರಿ. ನನ್ನ ಬಸ್ ಸ್ಟಾಪಿಗೆ ಈಕಿ ಮುಟ್ಟಸ್ತಾಳ."

ಹಿಂದಿರುಗುವಾಗ ನಾನೊಬ್ಬಳೇ. ಆದರೆ ಧಾರವಾಡದಿಂದ ಬಂದವರಿಗೆ ಇಲ್ಲ ಎನ್ನುವುದು ಹೇಗೆ? ನನ್ನ ತೋಳು ಹಿಡಿದು ಅವರು, ಯಂತ್ರ ಹಿಡಿದು ನಾನು. ಅದು ಹೇಳಿದಂತೆ ನಡೆದು ಸ್ಟಾಪು ತಲುಪಿದೆವು.

"ನಮ್ಮ ಸಲುವಾಗಿ ಇಷ್ಟ್ಯಾಕ ತ್ರಾಸ ತಗೊಂಡ್ರಿ ಕಾಕಾರ?" ಎಂದು ಅವರ ಕಿವಿಯ ಹತ್ತಿರ ಜೋರಾಗಿ ಕೇಳಿದೆ.

"ಆ ಮಷೀನ್ ಬಂದ ಮರುದಿನ ನಾ ಒಬ್ಬನ ಕಟಿಂಗ್ ಅಂಗಡಿಗೆ ಹೋಗಿ ದಾಡಿ ಮಾಡಿಸ್ಕೊಂಡು ಬಂದಿದ್ದೆ. ಅಲ್ಲೀತನಕ ಒಮ್ಮೆನೂ ಒಬ್ಬನ ಹೋಗಿರ್ಲಿಲ್ಲ. ಅವತ್ತಿನ ಖುಷಿ ಹೇಳಾಕ ಬರಂಗಿಲ್ಲ ತಂಗಿ. ಅಂಥಾ ಮಷೀನ್ ಮೂಗಾಗಿ ಕುಂತೈತಿ ಅಂದ್ರ ನನಗ ನಿದ್ದಿ ಹೆಂಗ ಬರಬೇಕು?" ಎಂದರು. ಬಸ್ಸು ಬಂತು. ಹತ್ತುತ್ತಾ, "ಮಷೀನ್ ಬಂದ್ ಬಿದ್ರ ಅಂಜಬ್ಯಾಡ. ಮಂದಿ ಬಾಯಿ ಬಂದ್ ಬೀಳಂಗಿಲ್ಲ, ಕೇಳು" ಎಂದರು.

ಬಸ್ಸು ಹೋದ ಮೇಲೆ ನಾನೊಬ್ಬಳೇ ಉಳಿದೆ. ಲಾರಿಗಳ ಸದ್ದಿನ ನಡುವೆ ಕೋಲು ಊರುತ್ತಾ ಹೊರಟೆ. ನಡುವೆ ದಾರಿ ತಪ್ಪಿ ಬೇರೊಂದು ಓಣಿ ಹೊಕ್ಕೆ. ಯಂತ್ರದ ನಕ್ಷೆಯಲ್ಲಿ ಅದು ಇರಲೇ ಇಲ್ಲ. ನಾಚಿಕೆ ಬಿಟ್ಟು, ಬಟ್ಟೆ ಒಗೆಯುವ ಸದ್ದು ಬಂದ ಕಡೆ ತಿರುಗಿ ದಾರಿ ಕೇಳಿದೆ. ಯಾರೋ ಹೆಂಗಸು ಒದ್ದೆ ಕೈಯಿಂದಲೇ ನನ್ನ ಭುಜ ಹಿಡಿದು ಸರಿಯಾದ ದಿಕ್ಕಿಗೆ ತಿರುಗಿಸಿದಳು. ನಮ್ಮ ಗೇಟಿನ ಚಿಲಕ ಕೈಗೆ ಸಿಕ್ಕಾಗ ಒಳಗೆ ಹೋಗದೆ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಈಗ ದಿನಾ ಒಬ್ಬಳೇ ಕೆಲಸಕ್ಕೆ ಹೋಗುತ್ತೇನೆ. ಕಣ್ಣಿಲ್ಲದೆ, ಅರ್ಧ ಕಿವಿಯಲ್ಲೇ, ಒಬ್ಬರೇ ಅಷ್ಟು ದೂರ ಬಂದ ಆ ಹಿರಿಯರನ್ನು ನೆನೆದರೆ, ನನ್ನದೊಂದು ಕಷ್ಟ ಎಂದು ಹೇಳಿಕೊಳ್ಳಲು ಈಗಲೂ ಬಾಯಿ ಬರುವುದಿಲ್ಲ.