ಬೋಳು ತುದಿಯ ಹಗ್ಗ

ಬೆಳಗಿನ ಐದೂವರೆ. ಹಾಯಿದೋಣಿ ಕ್ಲಬ್ಬಿನ ದಡದ ಇಳಿಜಾರಿನಲ್ಲಿ ಹನ್ನೊಂದು ಪುಟ್ಟ ರೇಸ್ ದೋಣಿಗಳು ಇಬ್ಬನಿಯಲ್ಲಿ ನೆನೆದು ಕುಳಿತಿವೆ. ಬರಿಗಾಲಿನ ಮನುಷ್ಯರೊಬ್ಬರು ಮೊದಲ ದೋಣಿಯ ಪಕ್ಕ ಮಂಡಿಯೂರಿ, ಕಣ್ಣು ಮುಚ್ಚಿಕೊಂಡು ಹಗ್ಗವೊಂದನ್ನು ಬೆರಳುಗಳ ನಡುವೆ ಸರಿಸುತ್ತಿದ್ದಾರೆ. ಒಂದೆಡೆ ಬೆರಳು ನಿಲ್ಲುತ್ತದೆ. ಒಳಗಿನ ಎಳೆ ಸವೆದಿದೆ. "ನೋಡಿದ್ರೆ ಗೊತ್ತಾಗಲ್ಲ, ಮುಟ್ಟಿದ್ರೆ ಅದೇ ಹೇಳತ್ತೆ" ಎನ್ನುತ್ತಾ ಅದನ್ನು ಪಕ್ಕಕ್ಕೆ ಎಸೆಯುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ಹಗ್ಗದ ಮಾವ. ವಯಸ್ಸು ಐವತ್ತೊಂಬತ್ತು, ಅದರಲ್ಲಿ ಮೂವತ್ತೊಂದು ವರ್ಷ ಕಳೆದದ್ದು ಈ ಇಳಿಜಾರಿನಲ್ಲೇ. ಗೆದ್ದವರ ಫೋಟೊಗಳು ಕ್ಲಬ್ಬಿನ ಗೋಡೆ ತುಂಬ ಇವೆ, ಮಾವ ಒಂದರಲ್ಲೂ ಇಲ್ಲ. ಒಂದರಲ್ಲಿ ಮೊಣಕೈ ಮಾತ್ರ ಬಿದ್ದಿದೆ, ಅದನ್ನು ಅವರೇ ಹುಡುಕಿ ತೋರಿಸಿ ನಗುತ್ತಾರೆ.

ಗಾಳಿ ಬೆನ್ನಿಗಿದ್ದಾಗ ದೋಣಿಯ ಮುಂದೆ ಉಬ್ಬಿ ನಿಲ್ಲುವ ಬಣ್ಣದ ಹಾಯಿಗೆ ಸ್ಪಿನ್ನೇಕರ್ ಎಂದು ಹೆಸರು. ಮಾವನ ಬಾಯಲ್ಲಿ ಅದು 'ಹೊಟ್ಟೆ ಹಾಯಿ'. ಅದನ್ನು ಕಂಬಕ್ಕೆ ಏರಿಸುವ ಹಗ್ಗ ಹಾಲ್ಯಾರ್ಡ್. ಎರಡು ಕೆಳಮೂಲೆಗಳನ್ನು ಹಿಡಿದು ಆಡಿಸುವ ಹಗ್ಗಗಳು ಶೀಟ್. ಶೀಟುಗಳು ಕಂಬದ ತಂತಿಗಳ ಹೊರಗಿನಿಂದಲೇ ಸುತ್ತಿ ಬರಬೇಕು. ಒಂದೇ ತಂತಿಯ ಒಳಗೆ ನುಸುಳಿದರೂ ಹಾಯಿ ಅರ್ಧದಲ್ಲಿ ಸಿಕ್ಕಿಕೊಂಡು ರೇಸ್ ಕೈತಪ್ಪಿದಂತೆಯೇ. "ಹೊಸ ಅಳಿಯ ಇದ್ದ ಹಾಗೆ. ಸುತ್ತಮುತ್ತ ಓಡಾಡ್ಕೊಂಡಿರ್ಬೇಕು, ಒಳಗಿನ ವಿಷಯಕ್ಕೆ ಮೂಗು ತೂರಿಸ್ಬಾರ್ದು!"

ದಿನಕ್ಕೆ ಹನ್ನೊಂದು ದೋಣಿ, ಹೊಟ್ಟೆ ಹಾಯಿಯದ್ದೇ ಮೂವತ್ತಮೂರು ಹಗ್ಗ. ಪ್ರತಿಯೊಂದು ಹಾಯಿಯನ್ನೂ ನೆಲದ ಮೇಲೆಯೇ ಒಮ್ಮೆ ಏರಿಸಿ ಇಳಿಸುತ್ತಾರೆ. ಇಲ್ಲಿಯ ಕಟ್ಟಳೆ ಇನ್ನೊಂದಿದೆ. ಉಳಿದ ಹಗ್ಗಗಳು ರಾಟೆಯಿಂದ ಜಾರಿಹೋಗದಂತೆ ತುದಿಗೊಂದು ಗಂಟು ಇರುತ್ತದೆ. ಹೊಟ್ಟೆ ಹಾಯಿಯ ಶೀಟಿಗೆ ಮಾತ್ರ ಇರಕೂಡದು. ಗಾಳಿ ರಾಕ್ಷಸನಂತೆ ಎರಗಿದಾಗ ಕೈಬಿಟ್ಟರೆ ಸಾಕು, ಬೋಳು ತುದಿ ರಾಟೆಯಿಂದ ಸರ್ರನೆ ಹೊರಬಿದ್ದು ಹಾಯಿ ಖಾಲಿಯಾಗಬೇಕು. ಇದನ್ನು ಹೇಳುವಾಗ ಮಾವನ ದನಿ ಇಳಿಯುತ್ತದೆ.

ಅವರ ಮಗಳು ಈ ಕ್ಲಬ್ಬಿನಲ್ಲೇ ಹೊಟ್ಟೆ ಹಾಯಿ ಹಿಡಿಯುತ್ತಿದ್ದವಳು. ಚುಕ್ಕಾಣಿ ಹಿಡಿಯುತ್ತಿದ್ದದ್ದು ಅವಳ ಜೀವದ ಗೆಳತಿ. ಆರು ವರ್ಷದ ಹಿಂದೆ, ತಂಡದ ಆಯ್ಕೆಯ ಕೊನೆಯ ರೇಸಿನಲ್ಲಿ ಗಾಳಿ ಎರಗಿತು. ಮಗಳು ಶೀಟನ್ನು ಬಿಟ್ಟಳು. ಆದರೆ ಅದರ ತುದಿಯಲ್ಲಿ ಗಂಟಿತ್ತು. ಗಂಟು ರಾಟೆಗೆ ಕಚ್ಚಿಕೊಂಡಿತು, ದೋಣಿ ಬೋರಲಾಯಿತು, ಬಿಗಿದ ಹಗ್ಗದಡಿ ಸಿಕ್ಕಿದ ಮಗಳ ಬಲಗೈಯ ಎರಡು ಬೆರಳು ಹೋದವು. ಆಯ್ಕೆ ತಪ್ಪಿದ ಗೆಳತಿ ಇಂದಿನವರೆಗೂ ಅವಳೊಂದಿಗೆ ಮಾತಾಡಿಲ್ಲ.

ಗಂಟು ಹಾಕಿದವರು ಯಾರು? ಅಂದು ಮುಂದಿನ ಸಣ್ಣ ಹಾಯಿಯ ಹಗ್ಗಗಳಿಗೆ ಗಂಟು ಬಿಗಿದಿದ್ದವಳು ಮಗಳೇ. ಅದೇ ಭರದಲ್ಲಿ ಇದಕ್ಕೂ ಹಾಕಿರಬೇಕು ಎಂದು ಕ್ಲಬ್ಬಿನ ವಿಚಾರಣೆಯಲ್ಲಿ ತಾನಾಗಿಯೇ ಒಪ್ಪಿಕೊಂಡಳು. ಈಗ ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆಯುತ್ತಾಳೆ, ಎಡಗೈಯಲ್ಲಿ. ಈ ಬರಹಕ್ಕಾಗಿ ಮಾವನ ಜೊತೆ ಮನೆಗೆ ಹೋದಾಗ ಬಾಗಿಲಲ್ಲೇ ಹೇಳಿದಳು: "ಅಪ್ಪನ ಬಗ್ಗೆ ಚೆನ್ನಾಗಿ ಬರೀರಿ. ನನ್ನ ವಿಷಯ ಬೇಡ. ನನ್ನ ತಪ್ಪಿಂದ ಅವರ ಹೆಸರಿಗೂ ಮಸಿ ಬೀಳೋದ್ರಲ್ಲಿತ್ತು." ಅವಳ ಹಿಂದೆ ನಿಂತಿದ್ದ ಮಾವ ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದರು.

ಅವರು ಮತ್ತೆ ಇಳಿಜಾರಿಗೆ ಬಂದರು. ದೋಣಿಯ ಅಂಚಿನ ಮೇಲೆ ಕುಳಿತು ಮಾತು ತೆಗೆದರು.

"ಬರ್ಕೊಳ್ಳಿ. ಗಂಟು ಹಾಕಿದ್ದು ನಾನು. ಮರೆತು ಹಾಕಿದ್ದಲ್ಲ, ಬೇಕು ಅಂತಾನೇ. ಆ ರೇಸಿನ ಹಿಂದಿನ ವಾರ ಅವಳ ಕೈಯಿಂದ ಶೀಟು ಜಾರಿ ಎರಡನೇ ಸ್ಥಾನಕ್ಕೆ ಬಿದ್ದಿದ್ಲು. ಊಟ ಬಿಟ್ಟು ಅತ್ತಿದ್ಲು. ಈ ಸಲ ಜಾರಿದ್ರೂ ಪೂರ್ತಿ ಹೋಗ್ದೇ ಇರ್ಲಿ ಅಂತ ಸಣ್ಣದೊಂದು ಗಂಟು ಹಾಕ್ದೆ. ಊರಿಗೆಲ್ಲ ಬೇಡ ಅಂದಿದ್ದನ್ನ ನನ್ನ ಮಗಳಿಗೆ ನಾನೇ ಮಾಡ್ದೆ."

ವಿಚಾರಣೆಯ ದಿನ ಕೆಲಸ ಹೋದೀತೆಂದು ಬಾಯಿ ಮುಚ್ಚಿಕೊಂಡರಂತೆ. ಆಮೇಲೆ ಅದು ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಡಿತನ ಎಂದು ಅವರೇ ಹೇಳಿಕೊಳ್ಳುತ್ತಾರೆ.

"ಮನೆಯಲ್ಲೇ ಹೇಳಬಹುದಲ್ಲ?"

"ಆರು ವರ್ಷದಿಂದ ದಿನಾ ಊಟಕ್ಕೆ ಕೂತಾಗ ಹೇಳ್ಬೇಕು ಅಂತಾನೇ ಬಾಯಿ ತೆಗೀತೀನಿ. 'ಸ್ವಲ್ಪ ನೀರು ಕೊಡಮ್ಮ' ಅಂತ ಬರತ್ತೆ. ಅವಳು ಆ ಮೂರು ಬೆರಳಲ್ಲಿ ಲೋಟ ಎತ್ತಿ ಕೊಡ್ತಾಳೆ. ಕುಡಿದು ಎದ್ದು ಬರ್ತೀನಿ."

ಇವತ್ತಿನ ರೇಸಿಗೆ ಹೊರಟವರು ಒಬ್ಬೊಬ್ಬರಾಗಿ ಬಂದು ದೋಣಿಗಳನ್ನು ನೀರಿಗೆ ತಳ್ಳುತ್ತಿದ್ದಾರೆ. ಯಾರೋ "ಮಾವ, ಎಲ್ಲ ಸರಿಯಿದೆಯಾ?" ಎಂದು ಕೂಗುತ್ತಾರೆ. ಮಾವ ಕೈ ಎತ್ತುತ್ತಾರೆ. ಈ ಬರಹದಿಂದ ಕೆಲಸಕ್ಕೆ ಕುತ್ತು ಬರಬಹುದೆಂದು ನೆನಪಿಸಿದರೆ ತಲೆಯಾಡಿಸುತ್ತಾರೆ, ಗೊತ್ತು ಎಂಬಂತೆ.

"ಭಾನುವಾರದ ಪುರವಣಿ ಅವಳು ಒಂದಕ್ಷರ ಬಿಡ್ದೆ ಓದ್ತಾಳೆ. ನೀವು ಬೇರೆ ಏನು ಬಿಟ್ರೂ ಬಿಡಿ, ಕೊನೇಲಿ ಇದೊಂದು ಹಾಕಿ: ಆ ಗಂಟು ನಿಂದಲ್ಲ, ಮಗಳೇ."