ದೊಣೆಯ ಹತ್ತಿರ ಕೂಗಿದ ಹೆಸರು

ಮುನಿವೆಂಕಟಮ್ಮನ ಹಿತ್ತಿಲಲ್ಲಿ ನಿಂತರೆ ಬೆಟ್ಟದಲ್ಲಿ ನೀರು ಬೀಳುವ ಸದ್ದು ಕೇಳುತ್ತದೆ. ಮಳೆಗಾಲದಲ್ಲಿ ಅದು ರಾಗಿ ಬೀಸುವ ಕಲ್ಲಿನಂತೆ ಗುರುಗುಡುತ್ತದೆ. ದೀಪಾವಳಿ ಕಳೆದ ಮೇಲೆ ಯಾರೋ ಮೊರದಲ್ಲಿ ಕಾಳು ಕೇರುತ್ತಿರುವಷ್ಟು ತೆಳ್ಳಗಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಏನೂ ಇಲ್ಲ. ಈ ವರ್ಷ ಅವಳು ಎದ್ದ ಕೂಡಲೇ, ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ, ಹುಣಸೆಮರದ ಬುಡಕ್ಕೆ ಹೋಗಿ ಆ ಸದ್ದಿಗೆ ಕಿವಿಗೊಡುತ್ತಾಳೆ. ದೇವನಹಳ್ಳಿಯಿಂದ ಎದ್ದ ವಿಮಾನ ತಲೆಯ ಮೇಲೆ ಹಾದರೆ, ಅದು ದಾಟಿಹೋಗುವವರೆಗೂ ಕಾಯುತ್ತಾಳೆ. ನೀರು ನಿಲ್ಲುವುದರೊಳಗೆ ಮೊಮ್ಮಗಳು ಸಿಂಚನ ಒಂದು ಸಲ ಬಂದುಹೋಗಬೇಕು. ಅವಳಿಗಿರುವುದು ಅದೊಂದೇ ಚಿಂತೆ.

ನೀರು ಬೀಳುವ ಜಾಗವನ್ನು ಊರಿನವರು ಅಕ್ಕಯ್ಯಮ್ಮನ ದೊಣೆ ಎನ್ನುತ್ತಾರೆ. ಮೂರಾಳೆತ್ತರದ ಬಂಡೆಯಿಂದ ಇಳಿದ ನೀರು ಕಲ್ಲಿನ ಹೊಂಡದಲ್ಲಿ ತುಂಬಿ, ಕೆಳಗೆ ಹಳ್ಳವಾಗಿ ಹರಿಯುತ್ತದೆ. ಹೊಂಡದ ಅಂಚಿನಲ್ಲಿ ಅರಿಶಿನ ಬಳಿದ ಏಳು ಕಲ್ಲುಗಳು. ಏಳು ಮಂದಿ ಅಕ್ಕತಂಗಿ ದೇವತೆಯರು, ಹಿರಿಯಳು ಅಕ್ಕಯ್ಯಮ್ಮ. ಅಲ್ಲಿಗೆ ದಾರಿಯೆಂದರೆ ಬಂದರೆಗಿಡ, ಸೀತಾಫಲದ ಪೊದೆಗಳ ನಡುವೆ ಆಡುಗಳು ತುಳಿದು ಮಾಡಿದ ಕಾಲುದಾರಿ. ಅರ್ಧ ದಾರಿಯಲ್ಲಿ ಗೆರೆ ಕೊರೆದ ಒಂದು ಕಲ್ಲು ನಿಂತಿದೆ. ಅದನ್ನು ದಾಟಿದ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಹೆಣ್ಣಾದರೆ ಅಕ್ಕ, ಗಂಡಾದರೆ ಅಣ್ಣ. ತಾಯಿಯಾದವಳು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನೂ ಅಕ್ಕ ಎಂದೇ ಕರೆಯಬೇಕು. ಕೂಗಿದ ಹೆಸರನ್ನು ಅಕ್ಕಯ್ಯಮ್ಮ ಇಟ್ಟುಕೊಳ್ಳುತ್ತಾಳೆ. ಒಂದು ದಿನ ಅವಳೂ ಅದೇ ಹೆಸರನ್ನು ಕೂಗುತ್ತಾಳೆ. ಆಗ ಆ ಹೆಸರಿನವರು ಹೋಗದೆ ವಿಧಿಯಿಲ್ಲ.

ಮುನಿವೆಂಕಟಮ್ಮ ನಂದಗುಡಿ ಕಡೆಯವಳು. ಹದಿನೇಳಕ್ಕೆ ಮದುವೆಯಾಗಿ ದೊಡ್ಡಬಳ್ಳಾಪುರದ ಈ ಬೆಟ್ಟದ ಬುಡಕ್ಕೆ ಬಂದಳು. ಒಂಬತ್ತನೆಯ ದಿನ ಅತ್ತೆ ಅವಳನ್ನು ಆ ಕಲ್ಲಿನ ಹತ್ತಿರ ನಿಲ್ಲಿಸಿ ಈ ಮಾತು ಹೇಳಿದ್ದಳು. ಅದನ್ನು ಹೇಳುವುದು ಅಲ್ಲೇ, ಮನೆಯಲ್ಲಲ್ಲ. ಹಾಗಾಗಿ ಅವತ್ತು ಜಾರುವ ಬಂಡೆಯ ಮೇಲೆ ಅವಳು ಗಂಡನಿಗೆ “ಅಣ್ಣಾ, ಕೈ ಕೊಡು” ಅಂದುಬಿಟ್ಟಳು. ಗಂಡ ಪಿಳ್ಳಪ್ಪ ಅದನ್ನು ನಲವತ್ತು ವರ್ಷದಿಂದ ಬಿಟ್ಟಿಲ್ಲ.

“ಕಟ್ಕೊಂಡು ಒಂಬತ್ತು ದಿನಕ್ಕೇ ಅಣ್ಣ ಮಾಡ್ಕೊಂಡ್ಬಿಟ್ಳು ಕಣಪ್ಪ. ಈಗ ಗೌರಿ ಹಬ್ಬ ಬಂದ್ರೆ ಬಾಗಿನಾನೂ ನಾನೇ ಕೊಡ್ಬೇಕು.”

“ಕೊಟ್ಟಿದ್ದೆಲ್ಲಿ? ನಿನ್ನ ಮೂತಿಗೆ ಅಣ್ಣ ಅಂದಿದ್ದೇ ಹೆಚ್ಚಾಯ್ತು, ಸುಮ್ನಿರು.”

ಈ ವರ್ಷ ಗಣೇಶನ ಹಬ್ಬ ಕಳೆದ ಮೊದಲ ಭಾನುವಾರ ಸಿಂಚನ ಸಮೇತನಹಳ್ಳಿಯಿಂದ ಬಂದಿದ್ದಳು. ಮುನಿವೆಂಕಟಮ್ಮನ ಮಗಳ ಮಗಳು, ಬಿ.ಕಾಂ. ಓದುತ್ತಾಳೆ.

“ನಿಮ್ಮೂರ ಫಾಲ್ಸು ನನ್ನ ಫ್ರೆಂಡ್ಸೆಲ್ಲ ನೋಡ್ಬಿಟ್ಟವ್ರೆ ಅಜ್ಜಿ, ನಾನೇ ನೋಡಿಲ್ಲ. ಹೇಳ್ಕೊಳ್ಳಕ್ಕೇ ನಾಚ್ಕೆ ಆಗುತ್ತೆ.”

“ನಡಿ, ನಾನೇ ತೋರಿಸ್ತೀನಿ. ಆ ಚಪ್ಲಿ ಬಿಟ್ಟು ಬೇರೆ ಹಾಕ್ಕೋ, ಜಾರುತ್ತೆ.”

ಗೆರೆಕಲ್ಲಿನ ಹತ್ತಿರ ನಿಲ್ಲಿಸಿ ಹೇಳಿದರಾಯಿತು ಎಂದುಕೊಂಡೇ ಅವಳು ಹೊರಟಳು. ಆದರೆ ಮೊಣಕಾಲು ಹಿಂದಿನಂತಿಲ್ಲ. ಸಿಂಚನ ಮೊಬೈಲು ಹಿಡಿದುಕೊಂಡು, ಹೂವು, ಹುತ್ತ, ತನ್ನ ನೆರಳು ಎಲ್ಲವನ್ನೂ ಅದರೊಳಗೆ ತುಂಬಿಕೊಳ್ಳುತ್ತಾ ಮುಂದೆ ಹೋಗಿಬಿಟ್ಟಳು. ಮುನಿವೆಂಕಟಮ್ಮ ಕಲ್ಲು ಮುಟ್ಟಿದಾಗ ಹುಡುಗಿಯ ಹಳದಿ ದುಪಟ್ಟಾ ಮೇಲಿನ ತಿರುವಿನಲ್ಲಿ ಮರೆಯಾಗುತ್ತಿತ್ತು. “ಅಕ್ಕಾ, ನಿಂತ್ಕೊಳ್ಳೇ” ಅಂದಳು. ಮೊಮ್ಮಗಳು ತಿರುಗಲಿಲ್ಲ. ಅಜ್ಜಿ ತನ್ನನ್ನು ಅಕ್ಕ ಎನ್ನುತ್ತಾಳೆಂದು ಅವಳಿಗೆ ಹೇಗೆ ತಿಳಿಯಬೇಕು?

ಅಜ್ಜಿ ದೊಣೆ ತಲುಪುವಾಗ ಸಿಂಚನ ಹಳ್ಳದ ಆಚೆ ಇದ್ದಳು. ಪಾದ ಮುಳುಗುವಷ್ಟೇ ನೀರು. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ್ದಳು. ಮೊಬೈಲನ್ನು ಬಂಡೆಗೆ ಒರಗಿಸಿ, ಬೀಳುವ ನೀರಿಗೆ ಬೆನ್ನು ಮಾಡಿ, ಕೂದಲು ಬಿಟ್ಟು ನಗುತ್ತಿದ್ದಳು. ಚೆಲುವಾಗಿ ಕಾಣುತ್ತಿದ್ದಳು. ಮುನಿವೆಂಕಟಮ್ಮ ಅದನ್ನು ನೋಡುತ್ತಾ ಸುಧಾರಿಸಿಕೊಳ್ಳುವಷ್ಟರಲ್ಲಿ ನೀರಿನ ಬಣ್ಣ ಕಂಡಿತು. ಬಿಳಿಯಾಗಿದ್ದದ್ದು ಟೀ ಬಣ್ಣಕ್ಕೆ ತಿರುಗಿತ್ತು. ಒಣಗಿದ ಎಲೆ, ಕಡ್ಡಿ ಇಳಿದು ಬರುತ್ತಿದ್ದವು. ಬೆಟ್ಟದ ಹಿಂಬದಿಯಲ್ಲಿ ಮಳೆ ಹೊಡೆದಿದೆ. ಇನ್ನು ನಾಲ್ಕು ಉಸಿರಿನ ಹೊತ್ತಿಗೆ ಹಳ್ಳ ಉಕ್ಕಿ ಬರುತ್ತದೆ.

ಸಿಂಚನ ಮೊಬೈಲು ಎತ್ತಿಕೊಂಡು ವಾಪಸು ಬರಲು ಮೊದಲ ಕಲ್ಲಿನ ಮೇಲೆ ಕಾಲಿಟ್ಟಳು.

“ಅಕ್ಕಾ! ನಿಲ್ಲೇ! ಅಕ್ಕಾ, ಬರಬೇಡ!”

ಹುಡುಗಿ ತಲೆಯೆತ್ತಿ ಅಕ್ಕಪಕ್ಕ ನೋಡಿದಳು. ಅಜ್ಜಿ ಕರೆಯುತ್ತಿರುವ ಆ ಅಕ್ಕ ಎಲ್ಲಿದ್ದಾಳೆಂದು ಹುಡುಕಿದಳು. ಯಾರೂ ಕಾಣಲಿಲ್ಲ. ಎರಡನೆಯ ಕಲ್ಲಿಗೆ ಕಾಲು ಚಾಚಿದಳು.

“ಸಿಂಚನಾ!”

ಚಾಚಿದ ಕಾಲು ಹಿಂದಕ್ಕೆ ಹೋಯಿತು. ಅವಳು ದಂಡೆಗೆ ಹಾರಿದಳು. ಕೆಮ್ಮಣ್ಣಿನ ನೀರು ಒಮ್ಮೆಗೇ ಬಂದು ಕಲ್ಲುಗಳನ್ನೆಲ್ಲ ಮುಚ್ಚಿತು. ಎರಡು ಗಂಟೆಯ ಹೊತ್ತು ಮೊಮ್ಮಗಳು ಆಚೆ, ಅಜ್ಜಿ ಈಚೆ. ಆ ಸದ್ದಿನಲ್ಲಿ ಮಾತು ದಾಟುವಂತಿರಲಿಲ್ಲ. ಸಿಂಚನ ಅಳುತ್ತಿದ್ದಳು. ಮುನಿವೆಂಕಟಮ್ಮ ಏಳು ಕಲ್ಲುಗಳ ಕಡೆಗೆ ನೋಡದೆ ಕೂತಿದ್ದಳು.

ಮನೆಗೆ ಬಂದು ಮೊಮ್ಮಗಳ ತಲೆ ಒರೆಸುತ್ತಾ ಅಜ್ಜಿ ವಿಷಯ ಹೇಳಿದಾಗ ಸಿಂಚನಳಿಗೆ ನಗು ಬಂತು.

“ಅಯ್ಯೋ ಅಜ್ಜಿ, ಭಾನುವಾರ ಬರೋ ಜನ ಎಲ್ಲಾ ಹೆಸರು ಕೂಗಾಡ್ತಾರೆ. ಅವ್ರೆಲ್ಲ ಸತ್ತೋಗವ್ರಾ?”

“ಬಿಡ್ತು ಅನ್ನು. ಅವ್ರು ಎಲ್ಲಿಯೋರೋ, ಅವಳಿಗೆ ಅವ್ರ ಗುರ್ತಿಲ್ಲ. ನಾನು ನಲವತ್ತೊರ್ಸದಿಂದ ಅರಿಶಿನ ಹಚ್ದೋಳು. ನನ್ನ ದನಿ ಅವಳಿಗೆ ಗೊತ್ತು. ನಿನ್ನ ಹೆಸರನ್ನ ನಾನೇ ಕೊಟ್ಬಂದ್ಬಿಟ್ಟೆ ಕಣವ್ವ.”

“ನೀನು ಕೂಗ್ದೆ ಇದ್ದಿದ್ರೆ ನಾನು ಆವಾಗ್ಲೇ ಹೋಗ್ತಿದ್ದೆ.”

ಮುನಿವೆಂಕಟಮ್ಮ ಅವಳ ತಲೆಯನ್ನು ಇನ್ನಷ್ಟು ಬಿರುಸಾಗಿ ಒರೆಸಿದಳು. ಮರುದಿನ ಕಾಲೇಜಿದೆ ಎಂದು ಸಿಂಚನ ಅವತ್ತೇ ಸಂಜೆ ಊರಿಗೆ ಹೊರಟುಬಿಟ್ಟಳು.

ಹೆಸರು ಬಿಡಿಸಿಕೊಳ್ಳಲು ದಾರಿಯಿದೆ. ಹೆಸರಿನವರೇ ಬಂದು, ಒಂದು ಹಿಡಿ ಅಕ್ಕಿಯನ್ನು ದೊಣೆಗೆ ಬಿಟ್ಟು, ‘ನನ್ನದು ನನಗೆ ಕೊಡು ತಾಯಿ’ ಎನ್ನಬೇಕು. ನೀರು ಬೀಳುತ್ತಿರುವಾಗಲೇ ಆಗಬೇಕು. ನಿಂತರೆ ಅಕ್ಕಯ್ಯಮ್ಮನ ಬಾಗಿಲು ಮುಚ್ಚಿದಂತೆ. ಅವರು ಬರಲಾಗದಿದ್ದರೆ ಮನೆಯ ಇನ್ನೊಬ್ಬರು ತಮ್ಮ ಹೆಸರನ್ನು ಅಲ್ಲಿ ಕೂಗಿಟ್ಟು, ಬದಲಿಗೆ ಅವರ ಹೆಸರನ್ನು ಬಿಡಿಸಿ ತರಬೇಕು. ಈ ಎರಡನೆಯದನ್ನು ಅತ್ತೆ ತೀರ ಮೆಲ್ಲಗೆ ಹೇಳಿದ್ದಳು. ಮುನಿವೆಂಕಟಮ್ಮ ಅದನ್ನು ಪಿಳ್ಳಪ್ಪನಿಗೆ ಮಾತ್ರ ಹೇಳಿದ್ದಾಳೆ.

ಫೋನು ಮಾಡುವುದೆಂದರೆ ಅವಳಿಗೆ ಹಸಿರು ಗುಂಡಿಯನ್ನು ಎರಡು ಸಲ ಒತ್ತುವುದು. ಕೊನೆಯಲ್ಲಿ ಯಾರಿಗೆ ಮಾಡಿದ್ದರೋ ಅವರಿಗೇ ಹೋಗುತ್ತದೆ. ಅದು ಸಿಂಚನಳಿಗೇ ಹೋಗಲಿ ಎಂದು ಪಿಳ್ಳಪ್ಪ ಆ ಫೋನು ಮುಟ್ಟುವಂತಿಲ್ಲ. ಮೇವಿನವನಿಗೆ ಮಾತಾಡಬೇಕಾದರೂ ಪಕ್ಕದ ಮನೆಗೆ ಹೋಗುತ್ತಾನೆ. ಸಿಂಚನ ದಸರಾ ರಜಕ್ಕೆ ಬರುತ್ತೇನೆ ಅಂದಳು. ಗೆಳತಿಯ ಮದುವೆ ಬಂತು. ಕಾರ್ತಿಕ ಸೋಮವಾರ ಅಂದಳು, ಟೆಸ್ಟ್ ಇತ್ತು. ಒಂದು ದಿನ ಗಾಡಿ ಜಾರಿ ಮೊಣಕೈ ತರಚಿದ್ದನ್ನು ತಮಾಷೆಯಾಗಿ ಹೇಳಿದಳು. ಮುನಿವೆಂಕಟಮ್ಮ ಅವತ್ತು ಊಟ ಮಾಡಲಿಲ್ಲ. “ಓದೋ ಹುಡ್ಗಿ ಅಮ್ಮ, ಅವಳ ತಲೆಗೆ ಇದೆಲ್ಲ ತುಂಬ್ಬೇಡ” ಎಂದು ಮಗಳು ಬೈದಳು.  ಮುನಿವೆಂಕಟಮ್ಮ ಆಡುಗಳ ಕೊಟ್ಟಿಗೆಗೆ ಹೋಗಿ ಕೂತಳು.

ಮೊನ್ನೆ, ಡಿಸೆಂಬರಿನ ಒಂದು ಬೆಳಗ್ಗೆ, ಹುಣಸೆಮರದ ಕೆಳಗೆ ಅವಳಿಗೆ ಏನೂ ಕೇಳಿಸಲಿಲ್ಲ.

“ವಿಮಾನ ಹೋಗ್ತಾ ಐತೆ, ತಡಿಯೇ” ಅಂದ ಪಿಳ್ಳಪ್ಪ.

“ಅದು ಹೋಗಿ ಆಗ್ಲೇ ಹೊತ್ತಾಯ್ತು.”

ಇಬ್ಬರೂ ಉಸಿರು ಹಿಡಿದು ನಿಂತರು. ಬಹಳ ಹೊತ್ತಿನ ಮೇಲೆ, ಸೋರುವ ನಲ್ಲಿಯಷ್ಟು ಸಣ್ಣಗೆ, ಕೇಳಿಸಿತು. ಅವಳು ಹಸಿರು ಗುಂಡಿ ಒತ್ತಿದಳು.

“ಸಂಕ್ರಾಂತಿಗೆ ಪಕ್ಕಾ ಅಜ್ಜಿ. ನಿನ್ನಾಣೆ.”

“ಆಗ್ಲವ್ವ. ಹುಷಾರು” ಎಂದು ಫೋನು ಇಟ್ಟಳು. ಒಳಗೆ ಹೋಗಿ ಮುಖ ತೊಳೆದು ಕುಂಕುಮ ಇಟ್ಟುಕೊಂಡಳು. ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. ಪಿಳ್ಳಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. 

“ಕಾಲು ನೋವು ಅಂತಿದ್ದೆ. ನಾನೂ ಬರ್ತೀನಿ.”

“ಬ್ಯಾಡ. ಕುರಿಮರಿ ಥರ ಹಿಂದೆ ಬರ್ಬೇಡ. ಆಡುಗಳಿಗೆ ಸೊಪ್ಪು ಕಡಿದಾಕು. ಮುದ್ದೆಗೆ ಎಸರು ಇಟ್ಟಿದೀನಿ, ಉಕ್ಕೋಕೆ ಮುಂಚೆ ನೋಡ್ಕೋ.” ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಅಂಗಳಕ್ಕಿಳಿದಳು. “ಇನ್ಮೇಲೆ ಯಾರಾದ್ರೂ ನನ್ನ ಹೆಸರಿಡ್ದು ಕೂಗಿದ್ರೆ, ನೀನು ಅವರ್ಗೆ, ಆ ಹೆಸರು ಅಕ್ಕಯ್ಯಮ್ಮನ ಹತ್ರ ಐತೆ ಅನ್ನು” ಎನ್ನುತ್ತಾ ಬೇಲಿ ದಾಟಿ, ಬಂದರೆಗಿಡಗಳ ನಡುವೆ ಮರೆಯಾದಳು.